ಶಿರಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹೊತ್ತು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಕೆಲಸದಲ್ಲಿದ್ದಾರೆ. ಮಗಳ ಬಾಣಂತನಕ್ಕೆ, ಮೊಮ್ಮಗನ ಹುಟ್ಟುಹಬ್ಬಕ್ಕೆ ಅಂತ ಆಯಿ-ಅಪ್ಪ ಹೊರಡುತ್ತಾರೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಗೊತ್ತಿರುವಷ್ಟನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಟಿಕೆಟ್ ದರ ಇಲ್ಲಿ ಇಲ್ಲ. ಅದು ಇವತ್ತಿದ್ದಂಗೆ ನಾಳೆ ಇರುವುದಿಲ್ಲ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಕಿಲೋಮೀಟರ್?

ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಹಿಡಿದು ಅಳೆದರೆ ಸುಮಾರು 14,000 ಕಿ.ಮೀ. ವಿಮಾನ ಯಾವತ್ತೂ ಆ ಗೆರೆಯ ಮೇಲೇ ಹಾರುವುದಿಲ್ಲ. ಗಾಳಿ, ಹವೆ, ಯಾವ ದೇಶದ ಆಕಾಶ ತೆರೆದಿದೆ ಅನ್ನುವುದನ್ನೆಲ್ಲ ನೋಡಿಕೊಂಡು ದಾರಿ ಗೊತ್ತು ಮಾಡುತ್ತಾರೆ. ಹಾಗಾಗಿ ನಿಜವಾಗಿ ಹಾರುವ ದೂರ ಯಾವಾಗಲೂ ಸ್ವಲ್ಪ ಜಾಸ್ತಿಯೇ.

ಶಿರಸಿಯಿಂದ ಲೆಕ್ಕ ಹಾಕಿದರೆ ಅದಕ್ಕೆ 400 ಕಿ.ಮೀ. ಸೇರಿಸಬೇಕಲ್ವಾ?

ರಸ್ತೆಯ ಲೆಕ್ಕದಲ್ಲಿ ಹೌದು. ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ಆದರೆ ಆಕಾಶದ ಲೆಕ್ಕ ಬೇರೆ. ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರದ ದಾರಿ ಉತ್ತರಕ್ಕೆ ಹೋಗುತ್ತದೆ. ಶಿರಸಿ ಬೆಂಗಳೂರಿಗಿಂತ ಉತ್ತರಕ್ಕಿದೆ. ಹಾಗಾಗಿ ನೇರ ದೂರ ಅಳೆದರೆ ಬೆಂಗಳೂರಿಗಿಂತ ಶಿರಸಿಯೇ ಸುಮಾರು 50 ಕಿ.ಮೀ. ಹತ್ತಿರ! ಕಾರವಾರವೂ ಅಷ್ಟೇ. ಅಂದರೆ ನಾವು ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಹೋಗಬೇಕಾದ ಊರಿಂದ ಸ್ವಲ್ಪ ದೂರವೇ ಹೋಗಿ, ಅಲ್ಲಿಂದ ಹೊರಡುತ್ತೇವೆ. ಈ ಬರಹ ಪೂರ್ತಿ ನಾನು ಹೇಳಬೇಕೆಂದಿರುವುದು ಇದೇ ವಿಷಯ. ಆಕಾಶದ 14,000 ಕಿ.ಮೀ. ಬಗ್ಗೆ ನಿಮಗೆ ಚಿಂತೆ ಬೇಡ, ಅದನ್ನು ಪೈಲಟ್ ನೋಡಿಕೊಳ್ಳುತ್ತಾರೆ. ನೆಲದ ಮೇಲಿನ 400 ಕಿ.ಮೀ. ಮಾತ್ರ ನೀವೇ ನೋಡಿಕೊಳ್ಳಬೇಕು.

ಹಾರಾಟಕ್ಕೆ ಎಷ್ಟು ಗಂಟೆ?

ನೇರ ವಿಮಾನ ಸಿಕ್ಕರೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17ರ ಆಚೀಚೆ. ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರುವುದು, ಇಳಿಯುವುದು, ರನ್‌ವೇ ತನಕ ಉರುಳುವುದು ಎಲ್ಲ ಸೇರಿ ಇನ್ನರ್ಧ ಗಂಟೆ ಮೇಲೆ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಏರ್ ಇಂಡಿಯಾದ ನೇರ ವಿಮಾನ ಶುರುವಾಗಿದ್ದು 2021ರ ಜನವರಿಯಲ್ಲಿ. ಅದು ಮಧ್ಯೆ ನಿಂತು ಮತ್ತೆ ಶುರುವಾದದ್ದೂ ಇದೆ. ಹಾಗಾಗಿ "ಪಕ್ಕದ ಮನೆಯವರು ನೇರ ಹೋಗಿದ್ದರು" ಅನ್ನುವುದನ್ನು ನಂಬಿ ಕೂರಬೇಡಿ. ನೀವು ಹೊರಡುವ ತಿಂಗಳಿನಲ್ಲಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಒಂದು ಕಡೆ ವಿಮಾನ ಬದಲಿಸಬೇಕು. ಆಗ 20ರಿಂದ 26 ಗಂಟೆ ಅಂತ ಇಟ್ಟುಕೊಳ್ಳಿ.

ಇದೇ ಪ್ರಪಂಚದ ಅತಿ ಉದ್ದದ ಹಾರಾಟವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಸಿಂಗಾಪುರ–ನ್ಯೂಯಾರ್ಕ್ ಇದಕ್ಕಿಂತ ಉದ್ದ. ಸುಮಾರು 15,300 ಕಿ.ಮೀ., ಹದಿನೆಂಟೂವರೆ ಗಂಟೆ.

ಅಮೆರಿಕ ಪಶ್ಚಿಮಕ್ಕಿದೆ. ವಿಮಾನ ಅರಬ್ಬೀ ಸಮುದ್ರದ ಮೇಲೆ ಹೋಗಬೇಕಿತ್ತಲ್ಲ?

ಗೋಡೆಯ ಮೇಲಿನ ಭೂಪಟ ನೋಡಿದರೆ ಹಾಗೇ ಅನಿಸುತ್ತದೆ. ಕಾರವಾರದ ಕಡಲಿಂದ ಎಡಕ್ಕೆ ಗೆರೆ ಎಳೆದರೆ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಅಮೆರಿಕ. ಆದರೆ ಭೂಮಿ ಚಪ್ಪಟೆ ಇಲ್ಲವಲ್ಲ.

ಮನೆಯಲ್ಲೊಂದು ಚಕ್ಕೋತ ಇದ್ದರೆ ತನ್ನಿ. ತೊಟ್ಟಿನ ಜಾಗ ಉತ್ತರ ಧ್ರುವ ಅಂತ ಇಟ್ಟುಕೊಳ್ಳಿ. ಹಣ್ಣಿನ ಸೊಂಟದಿಂದ ಸ್ವಲ್ಪ ಮೇಲೆ ಒಂದು ಲವಂಗ ಚುಚ್ಚಿ, ಅದು ಬೆಂಗಳೂರು. ಹಣ್ಣನ್ನು ಹಿಂದಕ್ಕೆ ತಿರುಗಿಸಿ, ಹೆಚ್ಚುಕಡಿಮೆ ಎದುರು ಬದಿಯಲ್ಲಿ, ಸೊಂಟಕ್ಕೂ ತೊಟ್ಟಿಗೂ ನಡುವೆ ಇನ್ನೊಂದು ಲವಂಗ ಚುಚ್ಚಿ. ಅದು ಸ್ಯಾನ್ ಫ್ರಾನ್ಸಿಸ್ಕೋ. ಈಗ ಒಂದು ದಾರವನ್ನು ಒಂದರಿಂದ ಇನ್ನೊಂದಕ್ಕೆ ಬಿಗಿಯಾಗಿ ಎಳೆಯಿರಿ. ದಾರ ಸೊಂಟದ ಸುತ್ತ ಹೋಗುವುದಿಲ್ಲ. ತಾನಾಗೇ ಜಾರಿ ತೊಟ್ಟಿನ ಹತ್ತಿರ ಬಂದು ನಿಲ್ಲುತ್ತದೆ.

ಬೆಂಗಳೂರಿನ ರೇಖಾಂಶ ಸುಮಾರು 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋದ್ದು 122.4 ಡಿಗ್ರಿ ಪಶ್ಚಿಮ. ಎರಡರ ನಡುವೆ ಪಶ್ಚಿಮದ ಕಡೆಯಿಂದ 200 ಡಿಗ್ರಿ, ಪೂರ್ವದ ಕಡೆಯಿಂದ 160 ಡಿಗ್ರಿ. ಅಂದರೆ ಭೂಮಿಯ ಆ ಬದಿ ಈ ಬದಿ. ಹತ್ತಿರದ ಗೆರೆ ಬೆಂಗಳೂರಿನಿಂದ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಹೊರಡುತ್ತದೆ. ಚೀನಾ, ಸೈಬೀರಿಯಾ ದಾಟಿ, ಸುಮಾರು 71 ಡಿಗ್ರಿ ಉತ್ತರದ ತನಕ ಏರಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ದಾರಿಯಲ್ಲಿ ಅರಬ್ಬೀ ಸಮುದ್ರದ ಸುದ್ದಿಯೇ ಇಲ್ಲ.

ಹಾಗಾದರೆ ಉತ್ತರ ಧ್ರುವದ ಮೇಲೇ ಹೋಗುತ್ತದಾ?

ಎಲ್ಲ ದಿನವೂ ಅಲ್ಲ. ಹೋದದ್ದಂತೂ ಇದೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ನೇರ ವಿಮಾನ ಧ್ರುವದ ಮೇಲಿಂದ ಹಾರಿ 11ರ ಬೆಳಗಿನ ಜಾವ ಬೆಂಗಳೂರಿಗೆ ಬಂತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಅವರ ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ವಿಮಾನ ಬೋಯಿಂಗ್ 777-200ಎಲ್‌ಆರ್. ಇಷ್ಟು ಉದ್ದದ ಹಾರಾಟದಲ್ಲಿ ನಾಲ್ಕು ಜನ ಪೈಲಟ್‌ಗಳಿರುತ್ತಾರೆ, ಇಬ್ಬರು ನಡೆಸುವಾಗ ಇಬ್ಬರು ಮಲಗುತ್ತಾರೆ. "ಅಷ್ಟು ಹೊತ್ತು ಡ್ರೈವರ್ ನಿದ್ದೆ ಬಿಡ್ತಾನಾ?" ಅಂತ ಕೇಳುವ ಅಜ್ಜಂದಿರಿಗೆ ಇದೇ ಉತ್ತರ.

ಆ ದಾರಿಯಲ್ಲಿ ಪೈಲಟ್‌ಗಳು ನೋಡಬೇಕಾದ್ದು ಬಹಳ ಇರುತ್ತದೆ. ಹೊರಗೆ ಚಳಿ ಎಷ್ಟಿರುತ್ತದೆ ಅಂದರೆ ರೆಕ್ಕೆಯೊಳಗಿನ ಇಂಧನ ಗಟ್ಟಿಯಾಗದ ಹಾಗೆ ಕಣ್ಣಿಡಬೇಕು. ಜೆಟ್ ಎ-1 ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಇನ್ನೊಂದು, ತುರ್ತಾಗಿ ಇಳಿಯಲು ಹತ್ತಿರ ನಿಲ್ದಾಣ ಕಡಿಮೆ. 2023ರ ಜೂನ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಎಲ್ಲರೂ ಸುರಕ್ಷಿತ. ಆದರೆ ಇನ್ನೊಂದು ವಿಮಾನ ಬಂದು ಕರೆದೊಯ್ಯುವ ತನಕ ಇನ್ನೂರಕ್ಕೂ ಹೆಚ್ಚು ಜನ ಅಲ್ಲಿ ಕಾಯಬೇಕಾಯಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಎರಡು ದಿನದ ಔಷಧಿ ಕೈಚೀಲದಲ್ಲೇ ಇರಲಿ ಅನ್ನುವುದಕ್ಕೆ ಹೇಳಿದೆ.

ರಾಜಕೀಯವೂ ದಾರಿ ಬದಲಿಸುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯುರೋಪಿನ ಹೆಚ್ಚಿನ ಕಂಪನಿಗಳ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಆವತ್ತಿಂದ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳೆಲ್ಲ ಸುತ್ತು ಹೊಡೆಯಬೇಕಾಯಿತು. ಅದೇ ದೂರ, ಅದೇ ವಿಮಾನ ಇದ್ದರೂ ಒಬ್ಬರಿಗೆ ಒಂದು ಸಮಯ, ಇನ್ನೊಬ್ಬರಿಗೆ ಇನ್ನೊಂದು ಆಗುವುದು ಇದರಿಂದಲೇ.

ಹೋಗುವಾಗ ಬೇಗ, ಬರುವಾಗ ತಡ ಯಾಕೆ?

ಗಾಳಿ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಇನ್ನೂ ಜೋರು. ಅದನ್ನು ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಹೋಗುವಾಗ ಪೆಸಿಫಿಕ್ ಕಡೆ ಆ ಗಾಳಿ ಬೆನ್ನಿಗಿರುತ್ತದೆ, ಬರುವಾಗ ಎದುರಿಗೆ. ಬರುವಾಗ ಕೆಲವು ದಿನ ಧ್ರುವದ ಕಡೆಯ ದಾರಿ ಹಿಡಿಯುವುದು ಆ ಎದುರುಗಾಳಿ ತಪ್ಪಿಸಲಿಕ್ಕೆ.

ನೇರ ವಿಮಾನ ಇಲ್ಲದಿದ್ದರೆ ಯಾವ ಊರಿನ ಮೂಲಕ ಹೋದರೆ ಹತ್ತಿರ?

ದೆಹಲಿ. ಅದು ಹೆಚ್ಚುಕಡಿಮೆ ದಾರಿಯ ಮೇಲೇ ಇದೆ. ಬೆಂಗಳೂರು–ದೆಹಲಿ 1,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 12,400 ಕಿ.ಮೀ. ಒಟ್ಟು 14,100. ನೇರ ಹೋಗುವುದಕ್ಕಿಂತ ಬರೀ 100 ಕಿ.ಮೀ. ಜಾಸ್ತಿ.

ಟೋಕಿಯೋ ಮೂಲಕ ಹೋದರೆ ಸುಮಾರು 14,900. ದುಬೈ ಮೂಲಕ 15,700, ಅದರಲ್ಲಿ ಎರಡನೇ ಹಾರಾಟವೇ 13,000 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ 16,500. ಸಿಂಗಾಪುರದ ಮೂಲಕ 16,700ಕ್ಕೂ ಜಾಸ್ತಿ.

ಆದರೆ ಕಿಲೋಮೀಟರ್ ನೋಡಿ ಟಿಕೆಟ್ ತೆಗೆಯುವುದು ದಡ್ಡತನ. ವಯಸ್ಸಾದವರಿಗೆ ನನ್ನ ಲೆಕ್ಕದಲ್ಲಿ ಫ್ರಾಂಕ್‌ಫರ್ಟ್ ಅಥವಾ ಲಂಡನ್ ಒಳ್ಳೆಯದು. ಕಾರಣ, ಹಾರಾಟ ಎರಡು ಸಮಪಾಲಾಗುತ್ತದೆ. ಹತ್ತು ಗಂಟೆ ಹಾರಿ, ಇಳಿದು, ಕಾಲಾಡಿಸಿ, ಮತ್ತೆ ಹನ್ನೊಂದು ಗಂಟೆ. ದುಬೈನಲ್ಲಾದರೆ ನಾಲ್ಕು ಗಂಟೆಗೇ ಇಳಿಸಿ, ಮತ್ತೆ 16 ಗಂಟೆ ಕೂರಿಸುತ್ತಾರೆ. ಅದರಲ್ಲಿ ವಿರಾಮದ ಲಾಭ ಏನೂ ಸಿಗುವುದಿಲ್ಲ. ಭಾಷೆಯ ಹೆದರಿಕೆ ಇರುವವರಿಗೆ ದೆಹಲಿ ಸರಿ.

ಅಬುಧಾಬಿಗೆ ಒಂದು ವಿಶೇಷ ಇದೆ. ಅಮೆರಿಕದ ಇಮಿಗ್ರೇಷನ್ ತಪಾಸಣೆಯನ್ನು 2014ರಿಂದ ಅಲ್ಲೇ ಮುಗಿಸುತ್ತಾರೆ. ಅಮೆರಿಕದಲ್ಲಿ ಇಳಿದಾಗ ಆ ಸಾಲಿನಲ್ಲಿ ನಿಲ್ಲುವ ಕೆಲಸ ಇರುವುದಿಲ್ಲ. ಸುಸ್ತಾಗುವ ಮೊದಲೇ ಪ್ರಶ್ನೆಗಳಿಗೆ ಉತ್ತರ ಹೇಳಿ ಮುಗಿಸಬಹುದು ಅನ್ನುವುದೇ ದೊಡ್ಡ ಅನುಕೂಲ.

ಹೊರಟ ದಿನವೇ ತಲುಪುತ್ತೇವಂತೆ. ಅದು ಹ್ಯಾಗೆ?

ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಆಗ ಹನ್ನೆರಡೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರ ತಿರುಗಿಸಿದ್ದನ್ನು ನವೆಂಬರ್‌ನ ಮೊದಲ ಭಾನುವಾರ ವಾಪಸ್ ತಿರುಗಿಸುತ್ತಾರೆ.

ಜನವರಿಯ ಒಂದು ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟಿರಿ ಅಂತಿಟ್ಟುಕೊಳ್ಳಿ. 16 ಗಂಟೆ ಕಳೆದರೆ ಊರಲ್ಲಿ ಮಂಗಳವಾರ ಬೆಳಿಗ್ಗೆ 6. ಅದರಲ್ಲಿ ಹದಿಮೂರೂವರೆ ಕಳೆದರೆ ಅಲ್ಲಿ ಸೋಮವಾರ ಸಂಜೆ ನಾಲ್ಕೂವರೆ. ಗಡಿಯಾರದ ಪ್ರಕಾರ ಎರಡೂವರೆ ಗಂಟೆಯ ಪ್ರಯಾಣ! ಕಾಲು ಬಾತದ್ದು ಮಾತ್ರ 16 ಗಂಟೆಯ ಲೆಕ್ಕದಲ್ಲೇ.

ಬರುವಾಗ ಇದರ ಬಡ್ಡಿ ಕಟ್ಟಬೇಕು. ಶನಿವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು 17 ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಸೋಮವಾರ ಬೆಳಗಿನ ಜಾವ ಮೂರೂವರೆ. ಭಾನುವಾರ ಪೂರ್ತಿ ಆಕಾಶದಲ್ಲೇ ಹೋಯಿತು. ಊರಲ್ಲಿ ಮದುವೆ, ಉಪನಯನ ಇಟ್ಟುಕೊಂಡು ಟಿಕೆಟ್ ತೆಗೆಯುವವರು ಎಡವುವುದು ಇಲ್ಲೇ. ಟಿಕೆಟ್‌ನಲ್ಲಿ ತಲುಪುವ ಸಮಯದ ಪಕ್ಕ ಸಣ್ಣದಾಗಿ "+1" ಅಥವಾ "+2" ಅಂತ ಇರುತ್ತದೆ. ಹೊರಟ ತಾರೀಖಿಗೆ ಅಷ್ಟು ದಿನ ಕೂಡಿಸಿಕೊಳ್ಳಿ.

ಅಲ್ಲಿ ಏಕಾದಶಿ ಯಾವತ್ತು ಮಾಡಬೇಕು?

ನಗಬೇಡಿ, ಇದು ಬಹಳ ಜನ ಕೇಳುವ ಪ್ರಶ್ನೆ. ಸೂರ್ಯ–ಚಂದ್ರರ ನಡುವಿನ ಕೋನದಿಂದ ತಿಥಿ ಹುಟ್ಟುತ್ತದೆ. ಹಾಗಾಗಿ ತಿಥಿ ಶುರುವಾಗುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಯಾವ ದಿನದ ತಿಥಿ ಅನ್ನುವುದನ್ನು ಆ ಊರಿನ ಸೂರ್ಯೋದಯ ನೋಡಿ ಹೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳಗಾಗುವಾಗ ನಮ್ಮಲ್ಲಿ ಅದೇ ತಾರೀಖಿನ ರಾತ್ರಿ. ಊರಲ್ಲಿ ಬೆಳಿಗ್ಗೆ 10ಕ್ಕೆ ಏಕಾದಶಿ ಶುರುವಾದರೆ ಇಲ್ಲಿ ಉಪವಾಸ ಮರುದಿನ. ಅಲ್ಲಿ ಅದೇ ತಾರೀಖಿನ ಸೂರ್ಯೋದಯಕ್ಕೆ ಏಕಾದಶಿ ಇರುತ್ತದೆ, ಹಾಗಾಗಿ ಒಂದು ದಿನ ಮೊದಲೇ. ಊರಿನ ಪಂಚಾಂಗ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನ ಊರಿಗೇ ಲೆಕ್ಕ ಹಾಕಿದ ಪಂಚಾಂಗ ಮೊಬೈಲಿನಲ್ಲಿ ಸಿಗುತ್ತದೆ. ಶ್ರಾದ್ಧಕ್ಕೆ ಲೆಕ್ಕ ಬೇರೆ, ಮನೆಯ ಪುರೋಹಿತ ಭಟ್ಟರನ್ನೇ ಕೇಳಿ.

ಮಕ್ಕಳಿಗೆ ಫೋನ್ ಮಾಡಲು ಯಾವ ಹೊತ್ತು ಒಳ್ಳೆಯದು?

ನಮ್ಮ ರಾತ್ರಿ 8 ಅಂದರೆ ಅಲ್ಲಿ ಅದೇ ದಿನ ಬೆಳಿಗ್ಗೆ. ಚಳಿಗಾಲದಲ್ಲಿ ಆರೂವರೆ, ಬೇಸಿಗೆಯಲ್ಲಿ ಏಳೂವರೆ. ನಮ್ಮ ಬೆಳಿಗ್ಗೆ 7 ಅಂದರೆ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ ಅಥವಾ ಆರೂವರೆ. ಇವೆರಡೇ ಒಳ್ಳೆಯ ಹೊತ್ತು. ಮಧ್ಯಾಹ್ನ ಊಟ ಮುಗಿಸಿ ಆರಾಮಾಗಿ ಕೂತು "ಊಟ ಆತಾ ತಮಾ?" ಅಂತ ಫೋನ್ ಮಾಡಿದರೆ ಆ ತಮ್ಮ ನಡುರಾತ್ರಿ ನಿದ್ದೆಯಿಂದ ಎದ್ದು ಗಾಬರಿ ಬೀಳುತ್ತಾನೆ.

ಮನೆ ಬಾಗಿಲಿಂದ ಮನೆ ಬಾಗಿಲಿಗೆ ಒಟ್ಟು ಎಷ್ಟು ಹೊತ್ತು?

ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು. ಮಧ್ಯಾಹ್ನ 2ರ ನೇರ ವಿಮಾನ ಅಂತಲೇ ಲೆಕ್ಕ ಹಾಕೋಣ.

ಶಿರಸಿಯಿಂದ ರಾತ್ರಿ 9ರ ಬಸ್ಸು. ಬೆಳಿಗ್ಗೆ ಆರರ ಸುಮಾರಿಗೆ ಬೆಂಗಳೂರು. ತುಮಕೂರು ರಸ್ತೆಯಿಂದ ಬರುವ ಬಸ್ಸಿನವರು ಮೆಜೆಸ್ಟಿಕ್ ತನಕ ಹೋಗಬೇಕಾಗಿಲ್ಲ. ಗೊರಗುಂಟೆಪಾಳ್ಯದಲ್ಲೇ ಇಳಿದು ಹೆಬ್ಬಾಳದ ಮೇಲೆ ಟ್ಯಾಕ್ಸಿ ಹಿಡಿಯಬಹುದು. ಮೆಜೆಸ್ಟಿಕ್‌ಗೆ ಹೋಗಿ ಮತ್ತೆ ಉತ್ತರಕ್ಕೆ ತಿರುಗಿದರೆ ಬೆಳಗಿನ ಟ್ರಾಫಿಕ್‌ನಲ್ಲಿ ಒಂದು ಗಂಟೆ ಸುಮ್ನೆ ಹೋಗುತ್ತದೆ. ನಿದ್ದೆಗಣ್ಣಲ್ಲಿ ಪೆಟ್ಟಿಗೆ ಎಣಿಸಿಕೊಳ್ಳಿ. ಗೊರಗುಂಟೆಪಾಳ್ಯದಲ್ಲಿ ಬಸ್ಸು ನಿಲ್ಲುವುದು ಒಂದೆರಡು ನಿಮಿಷ, ಡಿಕ್ಕಿಯ ಬಾಗಿಲು ತೆಗೆಸಲು ಮೊದಲೇ ಕ್ಲೀನರ್‌ಗೆ ಹೇಳಿಡಿ.

ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿದೆ, 2008ರ ಮೇ ತಿಂಗಳಿಂದ. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಟ್ಯಾಕ್ಸಿಯವರಿಗೆ "ಟಿ-2" ಅಂದರೆ ಸಾಕು. ಮೂರು ಗಂಟೆ ಮೊದಲು ಒಳಗಿರಬೇಕು. ಅಂದರೆ 11ಕ್ಕೆ. ಆರರಿಂದ ಹನ್ನೊಂದರ ತನಕ ಸಮಯ ಇದೆ, ನೆಂಟರ ಮನೆಯಲ್ಲಿ ಸ್ನಾನ, ತಿಂಡಿ ಮುಗಿಸಬಹುದು.

ಮನೆ ಬಿಟ್ಟು ವಿಮಾನ ಏರುವ ತನಕ 17 ಗಂಟೆ. ಹಾರಾಟ 16. ಇಳಿದ ಮೇಲೆ ಇಮಿಗ್ರೇಷನ್, ಸಾಮಾನು, ಒಂದೂವರೆ ಗಂಟೆ. ಅಲ್ಲಿಂದ ಫ್ರೀಮಾಂಟ್, ಸನ್ನಿವೇಲ್ ಕಡೆ ಕಾರಿನಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಒಟ್ಟು 35 ಗಂಟೆ ದಾಟಿತು. ನೋಡಿ, 14,000 ಕಿ.ಮೀ.ಗೆ 16 ಗಂಟೆ, ಉಳಿದ ಐನೂರು ಚಿಲ್ಲರೆ ಕಿ.ಮೀ.ಗೆ 19 ಗಂಟೆ!

ಕಾರವಾರದವರು ಬೆಂಗಳೂರಿಗೇ ಬರಬೇಕಾ?

ಬೇಡ. ಕಾರವಾರ, ಅಂಕೋಲಾದವರಿಗೆ ಗೋವಾ ಹತ್ತಿರ. ದಾಬೋಲಿಂ ನಿಲ್ದಾಣ ಕಾರವಾರದಿಂದ ನೂರು ಕಿ.ಮೀ. ಒಳಗೇ ಇದೆ. ಕಾಣಕೋಣ, ಕರ್ಮಲ್ ಘಾಟಿ, ಮಡಗಾಂವ್ ದಾಟಿ ಹೋಗುವುದು. ಇನ್ನೊಂದು ನಿಲ್ದಾಣ ಉತ್ತರ ಗೋವಾದ ಮೋಪಾದಲ್ಲಿ, 2023ರ ಜನವರಿಯಿಂದ ನಡೆಯುತ್ತಿದೆ. ಅದು ಪಣಜಿಗಿಂತ ಆಚೆ, ಇನ್ನೂ ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ. ಟಿಕೆಟ್‌ನಲ್ಲಿ "ಗೋವಾ" ಅಂತ ಇದ್ದರೆ ಸಾಲದು, ಯಾವ ಗೋವಾ ಅಂತ ನೋಡಿ. ದಾಬೋಲಿಂಗೆ ಜಿಒಐ, ಮೋಪಾಕ್ಕೆ ಜಿಒಎಕ್ಸ್ ಅನ್ನುವ ಗುರುತು ಇರುತ್ತದೆ. ಮಡಗಾಂವ್ ದಾಟುವ ಹೊತ್ತಿಗೆ ಗೊತ್ತಾದರೆ ಕಷ್ಟ.

ಗೋವಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಇಲ್ಲ. ದೆಹಲಿ, ಮುಂಬೈ ಅಥವಾ ಗಲ್ಫ್ ಮೂಲಕ ಹೋಗಬೇಕು. ಆದರೂ ಕಾರವಾರದವರಿಗೆ ರಾತ್ರಿ ಪ್ರಯಾಣ ಉಳಿಯುತ್ತದೆ. ಬೆಂಗಳೂರೇ ಆಗಬೇಕು ಅನ್ನುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದ್ದೇ ಇದೆ. ಸಂಜೆ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಅದೇ ದಿನದ ಮಧ್ಯಾಹ್ನದ ವಿಮಾನಕ್ಕೆ ಮಾತ್ರ ಆ ರೈಲನ್ನು ನಂಬಬೇಡಿ.

ಮಳೆಗಾಲದಲ್ಲಿ ಎಷ್ಟು ಮೊದಲು ಹೊರಡಬೇಕು?

ಒಂದು ದಿನ ಮೊದಲು. ಜೂನ್‌ನಿಂದ ಸೆಪ್ಟೆಂಬರ್ ತನಕ ಇದರಲ್ಲಿ ಚೌಕಾಸಿ ಬೇಡ.

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ರಾಷ್ಟ್ರೀಯ ಹೆದ್ದಾರಿ 66 ಎಷ್ಟೋ ದಿನ ಬಂದಾಗಿತ್ತು. ಅದೇ ತಿಂಗಳ ಕೊನೆಗೆ ಸಕಲೇಶಪುರ ಘಟ್ಟದಲ್ಲಿ ರೈಲು ಹಳಿಯ ಹತ್ತಿರ ಮಣ್ಣು ಜಾರಿ ಕರಾವಳಿಯ ಬೆಂಗಳೂರು ರೈಲುಗಳು ನಿಂತವು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಆಮೇಲೆ ಗೋವಾ ಕಡೆ ಹೋಗುವ, ಬರುವ ಎರಡೂ ಸಾಲು ವಾಹನಗಳಿಗೆ ಹೊಸ ಸೇತುವೆ ಒಂದೇ ಆಯಿತು. ಒಂದೇ ಮಳೆಗಾಲದಲ್ಲಿ, ಸುಮಾರು ಮೂರು ವಾರದಲ್ಲಿ, ನಮ್ಮ ಮೂರೂ ದಾರಿಗಳಿಗೆ ಏಟು ಬಿತ್ತು.

ಕುಮಟಾದವರು ಶಿರಸಿಗೆ ಹತ್ತುವ ದೇವಿಮನೆ ಘಟ್ಟ, ಕಾರವಾರದವರು ಹುಬ್ಬಳ್ಳಿಗೆ ಹೋಗುವ ಅರಬೈಲ್ ಘಟ್ಟ, ಎರಡನ್ನೂ ಹೊರಡುವ ದಿನ ಬೆಳಿಗ್ಗೆ ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಳ್ಳಿ. ಕೊಂಕಣ ರೈಲ್ವೆಗೆ ಮಳೆಗಾಲದ್ದೇ ಬೇರೆ ವೇಳಾಪಟ್ಟಿ ಇರುತ್ತದೆ, ಘಟ್ಟದಲ್ಲಿ ನಿಧಾನ ಓಡಿಸುತ್ತಾರೆ. ಬೆಂಗಳೂರಿನ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದರೆ ಬೇಸರ ಮಾಡಿಕೊಳ್ಳುವವರು ಯಾರೂ ಇಲ್ಲ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ಹಿಡಿದರೆ?

ಒಳ್ಳೆಯ ಉಪಾಯ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಅಲ್ಲಿಂದ ಒಂದು ಗಂಟೆ ಆಸುಪಾಸಿನ ಹಾರಾಟ. ರಾತ್ರಿ ನಿದ್ದೆ ಮನೆಯಲ್ಲೇ ಆಗುತ್ತದೆ.

ಒಂದೇ ಷರತ್ತು. ಎರಡು ಹಾರಾಟಗಳೂ ಒಂದೇ ಟಿಕೆಟ್‌ನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಮೊದಲನೆಯದು ತಡವಾದರೆ ಮುಂದಿನ ವಿಮಾನ ಹೊಂದಿಸಿಕೊಡುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಹೊಣೆ ನಿಮ್ಮದು. ಹುಬ್ಬಳ್ಳಿಯಲ್ಲಿ ಮಂಜು ಬಿದ್ದು ತಡವಾದರೂ ಅಮೆರಿಕದ ವಿಮಾನ ಕಾಯುವುದಿಲ್ಲ, ದುಡ್ಡೂ ಬರುವುದಿಲ್ಲ. ಬೇರೆ ಟಿಕೆಟ್ ತೆಗೆಯುವವರು ನಡುವೆ ಕಡಿಮೆ ಎಂದರೂ ಆರೇಳು ಗಂಟೆ ಇಟ್ಟುಕೊಳ್ಳಿ. ಪೆಟ್ಟಿಗೆಯ ತೂಕದ ಮಿತಿಯೂ ಒಳನಾಡಿನ ವಿಮಾನದಲ್ಲಿ ಕಡಿಮೆ.

ಅಂಕೋಲಾದಲ್ಲೇ ವಿಮಾನ ನಿಲ್ದಾಣ ಆಗುತ್ತದಂತಲ್ಲ?

ಅಲಗೇರಿಯಲ್ಲಿ ನೌಕಾಪಡೆಯ ನಿಲ್ದಾಣದ ಜೊತೆ ನಾಗರಿಕರಿಗೂ ಜಾಗ ಕೊಡುವ ಯೋಜನೆ ಇದೆ. ಆದಾಗ ನೋಡೋಣ. ಈ ವರ್ಷದ ಟಿಕೆಟ್‌ಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

16 ಗಂಟೆ ಕೂತರೆ ಅಪ್ಪನ ಕಾಲು ಏನಾಗುತ್ತದೆ?

ಬಾತುಕೊಳ್ಳುತ್ತದೆ. ಹೆಚ್ಚಿನವರಿಗೆ ಅಷ್ಟೇ, ಎರಡು ದಿನದಲ್ಲಿ ಇಳಿಯುತ್ತದೆ. ಆದರೆ ನಾಲ್ಕು ಗಂಟೆಗಿಂತ ಉದ್ದದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತದೆ. ಹಿಂದೆ ಹಾಗೆ ಆದವರು, ಇತ್ತೀಚೆಗೆ ಆಪರೇಷನ್ ಆದವರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬಾರದು. ಉಳಿದವರು ಒಂದೆರಡು ಗಂಟೆಗೊಮ್ಮೆ ಎದ್ದು ಹಿಂದಿನ ಅಡುಗೆಕಟ್ಟೆ ತನಕ ನಡೆದು ಬನ್ನಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಓಡಾಟದ ಕಡೆಯ ಸೀಟು ಕೇಳಿ ತೆಗೆದುಕೊಳ್ಳಿ. ಕಿಟಕಿ ಸೀಟಿನ ಆಸೆ ಮೊಮ್ಮಕ್ಕಳಿಗಿರಲಿ.

ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು. ಗಾಳಿ ಬಹಳ ಒಣ. ಕರಾವಳಿಯ ಬೆವರಿಗೆ ಒಗ್ಗಿದ ನಮಗೆ ಮೂಗು, ತುಟಿ ಒಡೆಯುತ್ತದೆ. ನೀರು ಕೇಳಿ ಕುಡಿಯಿರಿ. ಶೌಚಕ್ಕೆ ಏಳಬೇಕಾಗುತ್ತದೆ ಅಂತ ನೀರು ಬಿಡುವ ಅಭ್ಯಾಸ ನಮ್ಮ ಆಯಿಯಂದಿರಿಗೆ ಜಾಸ್ತಿ. ಅದು ತಪ್ಪು.

ಸಕ್ಕರೆ ಕಾಯಿಲೆಯ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ಪೆಟ್ಟಿಗೆ ಇಡುವ ಜಾಗದಲ್ಲಿ ಅದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಗಡಿಯಾರ ಹಿಂದೆ ಹೋಗುವುದರಿಂದ ಯಾವ ಹೊತ್ತಿಗೆ ಎಷ್ಟು ತೆಗೆದುಕೊಳ್ಳಬೇಕು ಅಂತ ಮೊದಲೇ ಡಾಕ್ಟರ ಹತ್ತಿರ ಚೀಟಿಯಲ್ಲಿ ಬರೆಸಿಕೊಳ್ಳಿ.

ವೀಲ್‌ಚೇರ್ ತೆಗೆದುಕೊಳ್ಳಲಿಕ್ಕೆ ನಾಚಿಕೆ ಆಗುತ್ತದೆ. ಬೇಕಾ?

ಮಂಡಿ ನೋವು ಇದ್ದರೆ ಬೇಕು. ದೊಡ್ಡ ನಿಲ್ದಾಣಗಳಲ್ಲಿ ಒಂದು ಬಾಗಿಲಿಂದ ಇನ್ನೊಂದಕ್ಕೆ ಒಂದು ಕಿ.ಮೀ. ನಡೆಯಬೇಕಾಗಬಹುದು. ಟಿಕೆಟ್ ಮಾಡುವಾಗಲೇ ಹೇಳಿ, ತಪ್ಪಿದರೆ ಎರಡು ದಿನ ಮೊದಲು. ಆರಾಮಾಗಿ ನಡೆಯುವವರು ಮಾತ್ರ ದಾರಿ ಗೊತ್ತಾಗಲಿ ಅಂತ ವೀಲ್‌ಚೇರ್ ಹಿಡಿಯಬೇಡಿ. ಅಗತ್ಯ ಇದ್ದವರು ಕಾಯುತ್ತಾ ಕೂರಬೇಕಾಗುತ್ತದೆ.

ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದಾ?

ದೊಡ್ಡ ಪೆಟ್ಟಿಗೆಯಲ್ಲಿ ಒಯ್ಯಬಹುದು, ಕೈಚೀಲದಲ್ಲಿ ಅಲ್ಲ. ರಸ ಇರುವ ಯಾವುದೂ 100 ಮಿಲಿಗಿಂತ ಜಾಸ್ತಿ ಕೈಚೀಲದಲ್ಲಿ ಬಿಡುವುದಿಲ್ಲ. ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಡಬ್ಬಿಯನ್ನು ಪೂರ್ತಿ ತುಂಬಿಸಬೇಡಿ. ಹಲಸಿನ ಹಪ್ಪಳ, ತೊಡದೇವು, ಮುರುಗಲ ಸಿಪ್ಪೆ ಇವಕ್ಕೆಲ್ಲ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ತಿನ್ನುವ ಸಾಮಾನು ಇದೆ ಅಂತ ಅಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಹೆಚ್ಚೆಂದರೆ ತೆಗೆದು ಇಟ್ಟುಕೊಳ್ಳುತ್ತಾರೆ. ಹೇಳದೆ ಸಿಕ್ಕಿಬಿದ್ದರೆ ದಂಡ.

ಹಸಿ ಹಣ್ಣು, ತರಕಾರಿ, ಬೀಜ, ಗಿಡದ ಕಡ್ಡಿ, ಮಣ್ಣು ಹಿಡಿದ ಬೇರು ಬೇಡವೇ ಬೇಡ. ಹಸಿ ವೀಳ್ಯದೆಲೆಯೂ ಬೇಡ. ಕವಳ ಹಾಕುವವರಿಗೆ 16 ಗಂಟೆ ದೊಡ್ಡ ಪರೀಕ್ಷೆಯೇ, ಏನು ಮಾಡುವುದು. ಒಣ ಕೊಬ್ಬರಿಯನ್ನೂ ಬಿಟ್ಟುಬಿಡಿ. ಎಣ್ಣೆಯ ಅಂಶದಿಂದ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರು ಅದನ್ನು ಅಪಾಯದ ಸಾಮಾನಿನ ಪಟ್ಟಿಯಲ್ಲಿ ಇಟ್ಟಿದ್ದಾರೆ.

ಹೋದ ಮೇಲೆ ನಿದ್ದೆ ಸರಿಯಾಗಲು ಎಷ್ಟು ದಿನ?

ಹಗಲು–ರಾತ್ರಿ ಪೂರ್ತಿ ಉಲ್ಟಾ ಆಗುವುದರಿಂದ ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ದೇಹದ ಗಡಿಯಾರ ದಿನಕ್ಕೆ ಒಂದು, ಒಂದೂವರೆ ಗಂಟೆಗಿಂತ ಜಾಸ್ತಿ ಹೊಂದಿಕೊಳ್ಳುವುದಿಲ್ಲ. ಬೆಳಿಗ್ಗೆ ಬಿಸಿಲಿಗೆ ಹೋಗಿ ನಡೆಯಿರಿ, ಮಧ್ಯಾಹ್ನ ಅರ್ಧ ಗಂಟೆಗಿಂತ ಜಾಸ್ತಿ ಮಲಗಬೇಡಿ. ಬಾಣಂತನಕ್ಕೆ ಹೋಗುವವರು ಹೆರಿಗೆಯ ತಾರೀಖಿಗೆ ಎರಡು ವಾರ ಮೊದಲೇ ತಲುಪಿದರೆ ಒಳ್ಳೆಯದು.

ನಾವು ಭಟ್ಕಳದವರು. ದುಬೈ ಲೆಕ್ಕ ಹೇಳಿ.

ನಿಮ್ಮದು ಸುಲಭ. ಭಟ್ಕಳದಿಂದ ಮಂಗಳೂರು ನಿಲ್ದಾಣಕ್ಕೆ ಕಾರಿನಲ್ಲಿ ಎರಡೂವರೆ–ಮೂರು ಗಂಟೆ. ಮಂಗಳೂರು–ದುಬೈ ಸುಮಾರು 2,470 ಕಿ.ಮೀ., ನಾಲ್ಕು ಗಂಟೆಯ ಒಳಗೆ. ಗೋವಾ–ದುಬೈ ಸುಮಾರು 2,200 ಕಿ.ಮೀ., ಮೂರೂವರೆ ಗಂಟೆ. ಇಲ್ಲಿ ವಿಮಾನ ನಿಜವಾಗಿಯೂ ಅರಬ್ಬೀ ಸಮುದ್ರದ ಮೇಲೇ ಹೋಗುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷವಿಡೀ ಅಷ್ಟೇ. ಗಡಿಯಾರ ತಿರುಗಿಸುವ ಪದ್ಧತಿ ಅಲ್ಲಿಲ್ಲ.

ಜಾತ್ರೆಗೆ ಊರಿಗೆ ಬರುವವರು ಯಾವಾಗ ಟಿಕೆಟ್ ತೆಗೆಯಬೇಕು?

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ತಾರೀಖು ಗೊತ್ತಾದ ಕೂಡಲೇ ತೆಗೆಯಿರಿ. ವಿಮಾನದ ಟಿಕೆಟ್ ಹೇಗೋ ಸಿಗುತ್ತದೆ, ಬೆಂಗಳೂರು–ಶಿರಸಿ ಬಸ್ಸಿನ ಸೀಟೇ ಸಿಗುವುದಿಲ್ಲ. ಮೊದಲು ಬಸ್ಸು ನೋಡಿ, ಆಮೇಲೆ ವಿಮಾನ.

ವಿಮಾನ ಎಲ್ಲಿದೆ ಅಂತ ಮನೆಯವರು ನೋಡಬಹುದಾ?

ನೋಡಬಹುದು. ಫ್ಲೈಟ್‌ರಾಡಾರ್24 ಥರದ ಆ್ಯಪ್‌ನಲ್ಲಿ ವಿಮಾನದ ನಂಬರ್ ಹಾಕಿದರೆ ಭೂಪಟದ ಮೇಲೆ ಸಣ್ಣ ಹಳದಿ ವಿಮಾನ ಕಾಣುತ್ತದೆ. ವಿಮಾನ ತಾನೇ ಕಳಿಸುವ ಸಂಕೇತವನ್ನು ನೆಲದ ಮೇಲಿನ ಆಂಟೆನಾಗಳು ಹಿಡಿದು ತೋರಿಸುವ ವ್ಯವಸ್ಥೆ ಅದು. ಪೆಸಿಫಿಕ್ ಸಮುದ್ರದ ಮೇಲೆ, ಆರ್ಕ್ಟಿಕ್ ಕಡೆ ಆಂಟೆನಾ ಎಲ್ಲಿಂದ ಬರಬೇಕು? ಅಲ್ಲಿ ಗಂಟೆಗಟ್ಟಲೆ ವಿಮಾನ ಕಾಣದಿರಬಹುದು, ಅಥವಾ ಅಂದಾಜಿನ ಗೆರೆ ಮಾತ್ರ ಕಾಣಬಹುದು. ನಡುರಾತ್ರಿ ಎದ್ದು ನೋಡಿ "ವಿಮಾನವೇ ಕಾಣುತ್ತಿಲ್ಲ" ಅಂತ ಬೆಂಗಳೂರಿನ ಭಾವನನ್ನು ಎಬ್ಬಿಸಬೇಡಿ. ಅಲಾಸ್ಕಾ ಹತ್ತಿರ ಬಂದಾಗ ಮತ್ತೆ ಕಾಣುತ್ತದೆ.